ಗುಂಡಮ್ಮತ್ತೆಗೆ ಹೊರಟ ಸೀರೆ

ಎಲ್ಲದಕ್ಕೂ ಮೂಲ ಶಿವಲಿಂಗಂನ ಚಾಳೀಸು. ಸೇಲಂನ ಬೆಳ್ಳಿ ಅಂಗಡಿಯೊಂದರಲ್ಲಿ ಕಾಲ್ಗೆಜ್ಜೆಗೆ ಸಾಸಿವೆಯಷ್ಟು ಸಣ್ಣ ಗುಂಡು ಕೂರಿಸುತ್ತ ಕೂರಿಸುತ್ತ, ವಯಸ್ಸಾಗುವ ಮೊದಲೇ ಹತ್ತಿರದ್ದೆಲ್ಲ ಅವನಿಗೆ ಮಂಜಾಗಿತ್ತು. ದೂರಕ್ಕೆ ಮಾತ್ರ ಹದ್ದಿನ ಕಣ್ಣು. ಬೀದಿಯ ಕೊನೆಯಲ್ಲಿ ಬರುವ ಬಸ್ಸಿನ ಬೋರ್ಡು ಓದುತ್ತಿದ್ದ, ತಟ್ಟೆಯಲ್ಲಿ ಬಿದ್ದ ಕೂದಲು ಕಾಣುತ್ತಿರಲಿಲ್ಲ. ಈ ಎರಡನೆಯದಕ್ಕೆ ಅವನ ಹೆಂಡತಿ ಸರಿತಾ ದಿನಾ ದೇವರಿಗೆ ಕೈಮುಗಿಯುತ್ತಿದ್ದಳು.

ಆ ದಿನ ಬೆಳಿಗ್ಗೆ ಪಾಪಿರೆಡ್ಡಿಪಟ್ಟಿ ಕಡೆಯಿಂದ ಫೋನು ಬಂತು. ಸೋದರತ್ತೆ ಗುಂಡಮ್ಮ ತೀರಿಕೊಂಡಿದ್ದಳು. ಮಾತಾಡಿದವನು ಅತ್ತೆಯ ಮಗ ಮುನಿರಾಜ್.

"ನಮ್ಮವ್ವಂಗೆ ತೌರು ಅಂತ ಉಳ್ದಿರೋನು ನೀನೊಬ್ನೇ. ನೀನು ಸೀರೆ ತಂದು ಆಕೋಗಂಟ ಎಣ ಎತ್ತಂಗಿಲ್ಲ. ಒತ್ತು ಮುಳುಗೋದ್ರೊಳ್ಗೆ ಬಾ. ಬರ್ಲಿಲ್ಲ ಅಂದ್ರೆ ಊರೋರ ಸೀರೆ ಆಕಿ ಎತ್ತೀವಿ. ಆಮೇಕೆ ನಿಂಗೂ ನಮ್ಗೂ ಓಗೋದು ಬರೋದು ಇಲ್ಲ."

ಶಿವಲಿಂಗಂ ಗೋಡೆಗೊರಗಿ ಕುಳಿತ. ಯಾವುದೋ ಮದುವೆಯಲ್ಲಿ ತಾಂಬೂಲದ ತಟ್ಟೆ ಮೊದಲು ಯಾರ ಮುಂದಿಡಬೇಕು ಎಂದು ಅವನ ಅಪ್ಪನಿಗೂ ಅತ್ತೆಯ ಮನೆಯವರಿಗೂ ಜಗಳವಾಗಿ, ಮೀಸೆ ಮೂಡುವ ಮೊದಲಿನಿಂದ ಅವನು ಆ ಹೊಸಿಲು ತುಳಿದಿರಲಿಲ್ಲ. ಅಪ್ಪ ಸಾಯುವಾಗ ಹೇಳಿದ್ದು ಒಂದೇ ಮಾತು: "ಗುಂಡಮ್ಮಂಗೆ ಸೀರೆ ತಪ್ಪಿಸ್ಬ್ಯಾಡ." ರಜೆಯಲ್ಲಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ಬಾಯಿಗಿಡುತ್ತಿದ್ದ ಅತ್ತೆಯ ಕೈ ಅವನಿಗೆ ಚೆನ್ನಾಗಿ ನೆನಪಿತ್ತು. ಮುಖ ಮಾತ್ರ ನೆನಪಿರಲಿಲ್ಲ. ಕೊನೆಗೊಮ್ಮೆ ಆ ಮುಖವನ್ನು ನೋಡಲೇಬೇಕು ಎಂದು ಅವನು ಎದ್ದು ಬೈಕಿನ ಕೀಲಿ ಹುಡುಕಿದ.

ಆದರೆ ಮುನಿರಾಜ್ ಹಳೇ ಊರು ಬಿಟ್ಟು ಎಲ್ಲೋ ತೋಟದಲ್ಲಿ ಮನೆ ಕಟ್ಟಿಕೊಂಡಿದ್ದ. "ಫ್ರೀಜರ್ ಬಾಕ್ಸ್ ತಂದಿರೋ ಗಿರಿ ಲೊಕೇಶನ್ ಕಳಿಸ್ತಾನೆ, ಅದೆಲ್ಲ ನಮ್ಗೆ ಬರಾಕಿಲ್ಲ" ಎಂದಿದ್ದ. ಹೆಣ ಕೆಡದಂತೆ ಇಡುವ ತಣ್ಣನೆ ಪೆಟ್ಟಿಗೆಯನ್ನು ಸುತ್ತಲಿನ ಹಳ್ಳಿಗಳಿಗೆಲ್ಲ ಬಾಡಿಗೆಗೆ ಕೊಡುವವನು ಈ ಗಿರಿ. ಸತ್ತ ಮನೆಯ ದಾರಿಯನ್ನು ನೆಂಟರ ಫೋನಿಗೆ ಕಳಿಸುವುದು ಅವನು ಪುಕ್ಕಟೆ ಮಾಡುವ ಪುಣ್ಯದ ಕೆಲಸ. ಸ್ವಲ್ಪ ಹೊತ್ತಿಗೆ ಶಿವಲಿಂಗಂನ ಫೋನಿನಲ್ಲಿ ಒಂದು ಕೆಂಪು ಚುಕ್ಕೆ ಬಂದು ಕೂತಿತು.

ಸರಿತಾ ಹಸಿರು ಸೀರೆಯೊಂದನ್ನು ಕೊಂಡು ತರುವಷ್ಟರಲ್ಲಿ ಸಾವಿನ ಸುದ್ದಿ ಕೇಳಿ ಅಕ್ಕಪಕ್ಕದವರೆಲ್ಲ ಬೈಕಿನ ಸುತ್ತ ನೆರೆದಿದ್ದರು. ಮೇಲ್ಮನೆಯ ರಮಾಬಾಯಿ, "ಅರೂರ್ ಬಸ್ ಹತ್ತಪ್ಪ. ಸಾವಿನ ಮನೆ ಅಂದ್ರೆ ಕಂಡಕ್ಟರೇ ಇಳಿಸ್ತಾನೆ" ಎಂದಳು. ಅದು ಆ ದಿನ ಯಾರಾದರೂ ಆಡಿದ ಒಂದೇ ಬುದ್ಧಿಯ ಮಾತು. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಈ ಫೋನಾಗೆ ನಿಂಗೇನಣ್ಣಾ ಕಾಣ್ತೈತೆ? ಇರುವೆ ಸಾಲು!" ಎಂದ ಕೆಳಮನೆಯ ಮಣಿಕಂಠ. "ಭುವನಾ ಟ್ಯಾಬ್ ತತ್ತಾ, ಕಟ್ಟಾಣ."

ಮಗಳು ಭುವನಾ ಪಾಠಕ್ಕೆಂದು ಇಟ್ಟುಕೊಂಡಿದ್ದ ಟ್ಯಾಬ್ಲೆಟ್ಟನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ, ಸೈಕಲ್ ಟ್ಯೂಬಿನಿಂದ ಹ್ಯಾಂಡಲ್ಲಿಗೆ ಬಿಗಿದದ್ದಾಯಿತು. ಅದಕ್ಕೆ ಸಿಮ್ ಇರಲಿಲ್ಲ. ಶಿವಲಿಂಗಂನ ಜೇಬಿನ ಫೋನಿನಿಂದಲೇ ಅದಕ್ಕೆ ನೆಟ್ ಕೊಟ್ಟು, ಮಣಿಕಂಠ ಉಪದೇಶ ಮಾಡಿದ: "ದಾರೀಲಿ ಯಾರ್ನೂ ಕೇಳ್ಬ್ಯಾಡಣ್ಣಾ. ಕೇಳಿದ್ರೆ ಕೊಳಪ್ಪಿ ತಲೆ ಕೆಡಿಸ್ಬಿಡ್ತಾರೆ. ಮ್ಯಾಪ್ ಸುಳ್ಳೇಳಾಕಿಲ್ಲ."

ಅಯೋಧ್ಯಾಪಟ್ಟಣಂ ದಾಟುವವರೆಗೆ ಮ್ಯಾಪ್ ಸುಳ್ಳು ಹೇಳಲಿಲ್ಲ. ಆಮೇಲೆ ಟ್ಯಾಬಿನೊಳಗಿನ ಹೆಂಗಸು "ಇಡದು ಪುರಂ ತಿರುಂಬವುಂ" ಎಂದಳು. ಎಡಕ್ಕೆ ತಿರುಗು ಎಂದ ಮೇಲೆ ಶಿವಲಿಂಗಂ ತಿರುಗಿದ. ಅದು ಸೀದಾ ಸಬ್ಬಕ್ಕಿ ಮಿಲ್ಲಿನ ಕಣ. ಬಿಸಿಲಿಗೆ ಹರಡಿದ್ದ ಬೆಳ್ಳನೆ ಸಬ್ಬಕ್ಕಿಯ ನಡುವೆ ಬೈಕು ಜಾರಿ, ಅವನು ಮಕಾಡೆ ಬಿದ್ದ; ಅಂಗಿ ಜೇಬಿನಲ್ಲಿದ್ದ ಕನ್ನಡಕ ಚಟ್ಟೆಂದಿತು. ಹೆಂಗಸರು ಪೊರಕೆ ಎತ್ತಿಕೊಂಡು ಬಂದರು. "ಸಾವಿಗೆ ಓಗ್ತಿದೀನಿ ತಾಯಿ" ಎಂದು ಅವನು ಸೀರೆ ತೋರಿಸಿದ. "ಯಾರ್ದು, ನಿಂದೇನಾ?" ಎಂದು ಒಬ್ಬಳು ಕೇಳಿದಳು.

ಮಂಜವಾಡಿ ಕಣಿವೆಯ ಏರಿನಲ್ಲಿ ಬೈಕು ಕೆಮ್ಮಿ ನಿಂತಿತು. ಪೆಟ್ರೋಲ್ ಮುಳ್ಳು ಎಲ್ಲಿದೆಯೆಂದು ನೋಡಿದರೆ, ಅದು ಬೆಳಿಗ್ಗೆಯಿಂದ ಟ್ಯಾಬಿನ ಹಿಂದೆ ಅಡಗಿ ಕುಳಿತಿತ್ತು. ಬೈಕು ತಳ್ಳಿ ತಳ್ಳಿ ನಾಲಗೆ ಹೊರಬಂದ ಮೇಲೆ ಮುನಿಕೃಷ್ಣಪ್ಪನ ಟೀ ಅಂಗಡಿ ಸಿಕ್ಕಿತು. ಅವನು ಬಾಟ್ಲಿಯಲ್ಲಿ ಇಟ್ಟಿದ್ದ ಪೆಟ್ರೋಲ್ ಸುರಿಯುತ್ತ ಸೀರೆಯ ಕಡೆ ನೋಡಿದ.

"ತೌರು ಸೀರೆನಾ? ಯಾವ ಸಾವ್ಗೆ ಓಗ್ತಿದೀಯಪ್ಪಾ? ಇವತ್ತು ಈ ಕಡೀಕೆ ಎರಡು ಸಾವು."

"ಲೊಕೇಶನ್ ಐತೆ" ಎಂದ ಶಿವಲಿಂಗಂ, ಗತ್ತಿನಿಂದ.

"ಅಲ್ಲಪ್ಪಾ, ಯೆಸ್ರೇಳಿದ್ರೆ..."

"ಅಣ್ಣಾ, ಲೊಕೇಶನ್ ಐತೆ ಅಂದ್ನಲ್ಲ!"

ಮುನಿಕೃಷ್ಣಪ್ಪ ಸುಮ್ಮನಾದ. ಊರು ಮುಟ್ಟುವ ಮೊದಲೇ ಶಿವಲಿಂಗಂನ ಫೋನೂ ಸುಮ್ಮನಾಯಿತು. ಟ್ಯಾಬಿಗೆ ನೆಟ್ ಉಣಿಸಿ ಉಣಿಸಿ ಅದರ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಪುಣ್ಯಕ್ಕೆ ನೀಲಿ ಗೆರೆ ಟ್ಯಾಬಿನಲ್ಲೇ ಉಳಿದಿತ್ತು. ತೋಟದ ದಾರಿಯ ತಿರುವುಗಳಲ್ಲಿ ಏನೇನೋ ಎತ್ತರಕ್ಕೆ ಕಟ್ಟಿದ್ದರು. ಅವನು ತಲೆ ಎತ್ತಲಿಲ್ಲ. ಹೊತ್ತು ಇಳಿಯುತ್ತಿತ್ತು, ಕಣ್ಣೆಲ್ಲ ಗೆರೆಯ ಮೇಲೇ ಇತ್ತು. ತಮಟೆ ಸದ್ದು ಕೇಳಿಸಿತು, ಗೆರೆ ಮುಗಿಯಿತು, ಮುಂದೆ ಶಾಮಿಯಾನ ಕಂಡಿತು.

ಬೈಕು ನಿಲ್ಲುವ ಮೊದಲೇ ಯಾರೋ ಕೂಗಿದರು, "ತೌರೋರು ಬಂದ್ರು! ಸೀರೆ ಬಂತು!"

ಬೆಳಿಗ್ಗೆಯಿಂದ ಕಾದು ಹಸಿದಿದ್ದ ಜನ ಒಟ್ಟಿಗೆ ಎದ್ದು ನಿಂತರು. ಸಾವಿನ ಮನೆಯಲ್ಲಿ ಅಷ್ಟು ಸಂತೋಷದ ಸ್ವಾಗತವನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಬೋಳುತಲೆಯ ಗಂಡಸೊಬ್ಬ ತಬ್ಬಿಕೊಂಡು, "ಬಂದ್ಯಾ ಬಾವಾ! ಬರಾಕಿಲ್ಲ ಅಂದ್ಕಂಡಿದ್ದೆ" ಎಂದು ಬಿಕ್ಕಿದ. ಮುನಿರಾಜ್ ಎಷ್ಟು ಸೊರಗಿದ್ದಾನೆ, ಕೂದಲೂ ಉದುರಿದೆ ಎಂದು ಶಿವಲಿಂಗಂ ಮರುಗಿದ. ಮುದುಕಿಯೊಬ್ಬಳು ಅವನ ಗದ್ದ ಹಿಡಿದು, "ಅಪ್ಪನ ಮೂಗೇ ಕಣ್ರಮ್ಮಾ, ಅಚ್ಚು ಒತ್ತಿದಂಗೈತೆ!" ಎಂದಳು. ಅವನಿಗೆ ಅಳು ತಡೆಯಲಾಗಲಿಲ್ಲ.

ಹೆಣದ ತಲೆಯ ಬಳಿ ಕುಳಿತು ಬಗ್ಗಿ ನೋಡಿದ. ಮುಖಕ್ಕೆ ಅರಿಶಿನ ಮೆತ್ತಿತ್ತು, ಗದ್ದಕ್ಕೆ ಬಟ್ಟೆ ಕಟ್ಟಿತ್ತು, ಹಣೆಯಲ್ಲಿ ನಾಣ್ಯ ಹೊಳೆಯುತ್ತಿತ್ತು. ಹತ್ತಿರ ಹೋದಷ್ಟೂ ಎಲ್ಲ ಕಲಸಿ ಹಳದಿ ಮಂಜಾಯಿತು. ಚಾಳೀಸಿನ ಕನ್ನಡಕ ಸಬ್ಬಕ್ಕಿ ಕಣದಲ್ಲಿ ಚೂರಾಗಿತ್ತು.

"ಅತ್ತೇ, ನನ್ನ ಕ್ಷಮಿಸ್ಬಿಡು! ಒಂದು ತಾಂಬೂಲದ ತಟ್ಟೆಗೋಸ್ಕರ ನಿನ್ನ ಬಿಟ್ಬಿಟ್ವಲ್ಲಾ!" ಎಂದು ಬಾಯಿಬಿಟ್ಟು ಅತ್ತ.

ಯಾವ ತಟ್ಟೆ ಎಂದು ಯಾರೂ ಕೇಳಲಿಲ್ಲ. ತಾಂಬೂಲದ ತಟ್ಟೆಗೆ ಜಗಳವಾಡದ ಮನೆ ಆ ಸೀಮೆಯಲ್ಲೇ ಇಲ್ಲ.

ಹಸಿರು ಸೀರೆ ಹಾಕಿದರು. ಹೆಣದ ಬಾಯಿಗೆ ಮೊದಲ ಅಕ್ಕಿ ಅವನದೇ. ಚಟ್ಟದ ಮುಂದಿನ ಕೊನೆಯೂ ಅವನ ಹೆಗಲಿಗೇ ಬಂತು. ಅಪ್ಪನ ಮಾತು ಉಳಿಸಿದೆ ಎಂಬ ತೃಪ್ತಿಯಿಂದ ಅವನು ಬೆಳಿಗ್ಗೆಯಿಂದ ಮೊದಲ ಸಲ ತಲೆ ಎತ್ತಿ ದೂರಕ್ಕೆ ನೋಡಿದ.

ದಾರಿಯ ತಿರುವಿನಲ್ಲಿ ಎರಡಾಳು ಎತ್ತರದ ಫ್ಲೆಕ್ಸ್ ನಿಂತಿತ್ತು. ಮೇಲೆ 'ಕಣ್ಣೀರ್ ಅಂಜಲಿ' ಎಂಬ ತಮಿಳು ಅಕ್ಷರ, ಕೆಳಗೆ ಮನೆಗೆ ದಾರಿ ತೋರುವ ಬಾಣ. ನಡುವೆ ದುಂಡು ಮುಖದ, ದಪ್ಪ ಮೂಗುತಿಯ ಹೆಂಗಸೊಬ್ಬಳು ನಗುತ್ತಿದ್ದಳು. ಹೆಸರು ದೊಡ್ಡಮ್ಮ. ಹದ್ದಿನ ಕಣ್ಣಿಗೆ ಒಂದಕ್ಷರವೂ ತಪ್ಪಲಿಲ್ಲ.

ಶಿವಲಿಂಗಂನ ಹೆಗಲು ಕುಸಿಯಿತು. "ದುಃಖ ತಡ್ಕೋ ಬಾವಾ" ಎಂದು ಬೋಳುತಲೆಯವನು ಹಿಂದಿನಿಂದ ನೂಕಿದ. ಚಟ್ಟ ಹೊತ್ತು ನಡುದಾರಿಯಲ್ಲಿ ನಿಂತು 'ಇದು ನಮ್ಮ ಹೆಣವಲ್ಲ' ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಅವನು ಸ್ಮಶಾನದವರೆಗೂ ನಡೆದ, ಮೂರು ಹಿಡಿ ಮಣ್ಣು ಹಾಕಿದ, ಜನ ಕೈಕಾಲು ತೊಳೆಯುವಾಗ ಬೇಲಿ ಹಾರಿದ.

ಶಾಮಿಯಾನದ ಬಳಿ ಒಬ್ಬ ಖಾಲಿ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುತ್ತಿದ್ದ.

"ಗಿರಿ ನೀನೇನಾ? ಗುಂಡಮ್ಮನ ಮನೆ ಯಾವ್ದಪ್ಪಾ?"

ಗಿರಿ ಫೋನು ನೋಡಿದ, ಇವನ ಮುಖ ನೋಡಿದ, ಮತ್ತೆ ಫೋನು ನೋಡಿದ. "ಅಯ್ಯಯ್ಯೋ ಸಾರ್! ಇವತ್ತು ಎರಡು ಬಾಕ್ಸು. ಇಲ್ಲಿ ಲೊಕೇಶನ್ ನಿಮ್ಗೆ, ಅಲ್ಲೀದು ಇವ್ರ ತೌರೋರ್ಗೆ... ಮಾತ್ತಿ ಅನುಪ್ಪಿಟ್ಟೇನ್ ಸಾರ್, ಅದಲು ಬದಲು ಕಳಿಸ್ಬಿಟ್ಟೆ."

ಗಿರಿಯ ವ್ಯಾನಿನ ಹಿಂದೆ ಶಿವಲಿಂಗಂ ಬೈಕು ಓಡಿಸಿದ. ಹೊತ್ತು ಇನ್ನೂ ಗುಡ್ಡದ ಮೇಲಿತ್ತು. ಆದರೆ ಅತ್ತೆಯ ಮನೆ ಆಗಲೇ ತೊಳೆದಿತ್ತು, ಒಳಗೆ ದೀಪ ಹಚ್ಚಿತ್ತು. ಹೆಣ ಹೋದ ಮನೆಯಲ್ಲೇ ಹಾಗೆ ದೀಪ ಇಡುವುದು.

"ಶಿವಲಿಂಗನಾ?" ಬಾಗಿಲಲ್ಲಿದ್ದ ಮುನಿರಾಜ್ ಕಣ್ಣು ಕಿರಿದು ಮಾಡಿದ. "ಮುಖ ತೋರ್ಸಾಕೆ ನಾಚ್ಕೆಯಾಗಿ, ಕಣ್ ಕಾಣ್ದಿರೋ ಮುದುಕನ್ ಕೈಲಿ ಸೀರೆ ಕಳ್ಸಿದೀಯ ಅಂದ್ಕಂಡೆ. ಯಾರೋ ಬೈಕ್ನೋನು ಮ್ಯಾಪ್ ನೋಡ್ಕಂಡು ತಂದಿಳ್ಸಿ ಓದ. ನಿನ್ಗಿಂತ ಆ ತಾತನೇ ವಾಸಿ ಬಿಡು. ಅವ್ವನ ಪಾದ ಹಿಡ್ದು ಅತ್ತಿದ್ದಕ್ಕೆ ಊರೇ ಅತ್ತೋಯ್ತು."

ಜಗಲಿಯ ಮೇಲೆ ತೌರಿನವರಿಗೆ ಕಟ್ಟುವ ರುಮಾಲು ಸುತ್ತಿಕೊಂಡು, ದೊಡ್ಡಮ್ಮನ ಅಣ್ಣ ನಾರಪ್ಪ ಕುಳಿತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೇಳುವವರಾರು? ಗಿರಿ ತನ್ನ ವ್ಯಾನಿನ ಟಯರನ್ನೇ ನೋಡುತ್ತಿದ್ದ. ಕೊನೆಗೆ ಶಿವಲಿಂಗಂ ಮುದುಕನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದ.

ನಾರಪ್ಪ ತಲೆಯ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡ. ಆಮೇಲೆ, "ಸೀರೆ ಯಾವ ಬಣ್ಣ?" ಎಂದ.

"ಹಸ್ರು, ತಾತ."

"ಹಸ್ರು ಅಂದ್ರೆ ಪ್ರಾಣ ಅವ್ಳಿಗೆ." ಮುದುಕ ಕಣ್ಣೊರೆಸಿಕೊಂಡ. "ಇಲ್ಲಿ ಪಾದ ಹಿಡ್ದಾಗ್ಲೇ ಅನ್ನುಸ್ತು. ನನ್ ತಂಗಿ ಕಾಲು ಇಷ್ಟು ಸಣ್ಣ ಅಲ್ವಲ್ಲಾ ಅಂತ. ಸರ್ಯಾಗಿ ಅನ್ನ ಆಕ್ದೆ ಸೊರಗ್ಸವ್ರೆ ಅಂದ್ಕಂಡು ಇನ್ನೂ ಜಾಸ್ತಿ ಅತ್ತೆ."

ಶಿವಲಿಂಗಂ ತಡೆಯಲಾರದೆ ಕೇಳಿಬಿಟ್ಟ. "ನಮ್ಮತ್ತೆ ಮುಖ ಎಂಗಿತ್ತು ತಾತಾ?"

"ನನ್ನ ಕೇಳ್ತೀಯಾ ಮಗಾ?" ಎಂದ ನಾರಪ್ಪ.

ಮುನಿರಾಜ್ ಹೆಗಲ ಟವೆಲ್ ಕೊಡವಿ ನಿಂತ. "ಸೀರೆ ಆಕಿದೋನೇ ತೌರು. ಇದು ನಾನ್ ಮಾಡಿದ್ದಲ್ಲ, ಅಜ್ಜನ ಕಾಲದ ಮಾತು. ಮೂರನೇ ದಿನ ಹಾಲು ತುಪ್ಪಕ್ಕೆ ಈ ತಾತ ಇಲ್ಗೆ ಬರ್ಲಿ, ನೀನು ಅಲ್ಗೆ ಓಗು."

ಅಷ್ಟರಲ್ಲಿ ಗಿರಿಯ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟು ಕೇಳಿ, ಅಳುಕುತ್ತ ಶಿವಲಿಂಗಂನ ಬಳಿ ಬಂದ. "ಸಾರ್, ದೊಡ್ಡಮ್ಮನ ಮಗ ಕರಿಯಪ್ಪಣ್ಣ. ನಿಮ್ಮನ್ನ ಈ ತಾತನ ಮಗ ಅಂದ್ಕಂಡು, ಬಾವ ಎಲ್ಲೋದ್ರು ಅಂತ ಕೇಳ್ತಾವ್ರೆ. ಬೆಳಿಗ್ಗಿಂದ ಮನೆಮಂದಿಯೆಲ್ಲ ಉಪವಾಸ ಅಂತೆ. ತೌರೋರು ಬಂದು ಅನ್ನ ಬೇಯ್ಸಿ ಬಡಿಸ್ದೆ ಯಾರೂ ಬಾಯ್ಗೆ ನೀರೂ ಆಕಾಂಗಿಲ್ವಂತೆ."

ಶಿವಲಿಂಗಂ ಅತ್ತೆಯ ದೀಪಕ್ಕೆ ದೂರದಿಂದಲೇ ಕೈಮುಗಿದ. ದೂರದ್ದಾದ್ದರಿಂದ ಅದು ಸ್ಪಷ್ಟವಾಗಿ ಕಂಡಿತು. ಬೈಕಿನ ಬಳಿ ಬಂದು ನೋಡಿದರೆ ಟ್ಯಾಬಿನ ಪರದೆಯೂ ಕಪ್ಪಾಗಿತ್ತು.

"ದಾರಿ ಗೊತ್ತಾ ಸಾರ್?" ಎಂದ ಗಿರಿ. "ಲೊಕೇಶನ್ ಕಳಿಸ್ಲಾ?"