ಪಕ್ಕದಲ್ಲೇ ಇರೋ ಪ್ರಿಂಟರ್ ಸಿಗ್ತಿಲ್ಲ ಸಾರ್

ಪ್ರಿಂಟರಿಗೆ ವೈರ್ ಇದ್ದ ಕಾಲದಲ್ಲಿ ನನಗೆ ಇಷ್ಟೊಂದು ಮನೆಗಳ ಒಳಗುಟ್ಟು ಗೊತ್ತಿರಲಿಲ್ಲ. ಆಗ ಯಾರಾದರೂ ಕರೆದರೆ ಹೋಗಿ, ಸಡಿಲವಾದ ವೈರನ್ನು ಒತ್ತಿ, ಕೊಟ್ಟ ನೀರು ಕುಡಿದು ಬಂದರೆ ಮುಗಿಯುತ್ತಿತ್ತು. ವೈರ್ ಹೋಗಿ ವೈಫೈ ಬಂತು ನೋಡಿ, ಕೆಲಸದ ರೀತಿಯೇ ಬದಲಾಯಿತು. ಲ್ಯಾಪ್‌ಟಾಪ್ ಹಾಲಿನಲ್ಲಿರುತ್ತದೆ, ಪ್ರಿಂಟರ್ ಮಲಗುವ ಕೋಣೆಯಲ್ಲಿ, ರೂಟರ್ ದೇವರಮನೆಯ ಸಜ್ಜೆಯ ಮೇಲೆ. ಮೂರಕ್ಕೂ ಪರಿಚಯ ಮಾಡಿಸುವಷ್ಟರಲ್ಲಿ ಆ ಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಲ್ಲ ಗೊತ್ತಾಗಿರುತ್ತದೆ.

ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಜಯನಗರದಿಂದ ಅಂಜನಾಪುರದವರೆಗೆ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ದೂರು ಮಾತ್ರ ಎಲ್ಲ ಕಡೆಯೂ ಒಂದೇ. ಲ್ಯಾಪ್‌ಟಾಪಿಗೆ ಪ್ರಿಂಟರ್ ಸಿಗುತ್ತಿಲ್ಲ.

ಊಟ ಆಯ್ತಾ?

ಜೆ.ಪಿ. ನಗರದ ಅಪಾರ್ಟ್‌ಮೆಂಟಿನಿಂದ ಒಬ್ಬ ಹಿರಿಯರು ವಾಟ್ಸಾಪಿನಲ್ಲಿ ಕಾಲ್ ಮಾಡಿದರು.

"ನಮಸ್ಕಾರ. ಊಟ ಆಯ್ತಾ?"

"ಆಯ್ತು ಸಾರ್."

"ಏನ್ ಮಾಡಿದ್ರು ಮನೇಲಿ?"

ಹುರುಳಿಕಾಯಿ ಪಲ್ಯದ ವಿಚಾರ ಮುಗಿದ ಮೇಲೆ ಪ್ರಿಂಟರಿನ ವಿಚಾರ ಬಂತು. ನಾನು ಎಲ್ಲರಿಗೂ ಮೊದಲು ಹೇಳುವುದನ್ನೇ ಅವರಿಗೂ ಹೇಳಿದೆ. "ರೂಟರ್ ಆಫ್ ಮಾಡಿ ಸಾರ್, ಹತ್ತು ಎಣಿಸಿ, ಆನ್ ಮಾಡಿ." ಅವರು ಆಫ್ ಮಾಡಿದರು. ಫೋನ್ ಕಟ್ಟಾಯಿತು.

ಐದು ನಿಮಿಷ ಬಿಟ್ಟು ಮತ್ತೆ ಕಾಲ್. "ನಮಸ್ಕಾರ. ಯಾಕೆ ಇಟ್ಬಿಟ್ರಿ? ಮುಂದೆ ಏನ್ ಮಾಡ್ಬೇಕೋ ಗೊತ್ತಾಗ್ದೆ ವಾಪಸ್ ಆನ್ ಮಾಡ್ದೆ."

"ನಾನು ಇಡ್ಲಿಲ್ಲ ಸಾರ್. ಪ್ರಿಂಟರ್ ಸಿಕ್ತಾ?"

"ಇಲ್ಲ."

"ಹಾಗಾದ್ರೆ ಇನ್ನೊಂದ್ಸಲ ಆಫ್ ಮಾಡಿ."

ಮತ್ತೆ ಕಟ್. ಅವರ ಮೊಬೈಲು ಓಡುವುದೇ ಮನೆಯ ವೈಫೈ ಮೇಲೆ, ರೂಟರ್ ಆರಿಸಿದರೆ ನಾನೂ ಆರಿಹೋಗುತ್ತೇನೆ ಎಂದು ನನಗೆ ಹೊಳೆದದ್ದು ಮೂರನೇ ಸಲಕ್ಕೆ. ಆ ಸಲ ಅವರು ನಮಸ್ಕಾರ ಹೇಳಲಿಲ್ಲ. "ಪ್ರಿಂಟರ್ ಸಿಕ್ತು. ನಾನೇ ಹುಡುಕ್ಕೊಂಡೆ," ಎಂದು ಹೇಳಿ ಅವರೇ ಫೋನ್ ಇಟ್ಟರು.

ಸಂಜೆ ಅವರ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಯಾರೋ ಕಂಪ್ಯೂಟರ್ ರಿಪೇರಿಯವರ ನಂಬರ್ ಕೇಳಿದ್ದರಂತೆ. ಇವರು ನನ್ನ ನಂಬರ್ ಹಾಕಿ ಕೆಳಗೆ ಬರೆದಿದ್ದರು: "ಕೆಲಸ ಬಲ್ಲವರು. ಆದರೆ ಮುಂಗೋಪಿ. ಮಾತಿನ ಮಧ್ಯೆ ಫೋನ್ ಇಟ್ಟುಬಿಡುತ್ತಾರೆ."

ಉತ್ತರಕ್ಕೆ ಎರಡಿಂಚು

ಜಯನಗರದಲ್ಲಿ ಒಬ್ಬ ವಕೀಲೆಯ ಆಫೀಸು. ಆಯುಧಪೂಜೆಯಾಗಿ ಮೂರು ದಿನವಾಗಿತ್ತು. ಮಧ್ಯಾಹ್ನ ಕೋರ್ಟಿಗೆ ಒಂದು ಅರ್ಜಿ ಹೋಗಲೇಬೇಕು, ಪ್ರಿಂಟರ್ ಸಿಗುತ್ತಿಲ್ಲ, ತಕ್ಷಣ ಬನ್ನಿ ಎಂದರು.

ಹೋಗಿ ನೋಡಿದರೆ ಪ್ರಿಂಟರಿಗೆ ಮೂರು ಪಟ್ಟೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಪುಟ್ಟ ಸ್ಕ್ರೀನಿನ ಮೇಲೆ ದಪ್ಪ ಕುಂಕುಮ. ಏನು ಬರೆದಿದೆ ನೋಡೋಣವೆಂದು ಕುಂಕುಮ ಒರೆಸಲು ಕೈ ಚಾಚಿದೆ.

"ಮುಟ್ಟಬೇಡಿ!" ಎಂದರು ಮೇಡಂ.

"ಯಾಕೆ ಮೇಡಂ?"

"ಪೂಜೆ ಇನ್ನೂ ಕದಲಿಸಿಲ್ಲ. ಅವತ್ತು ಪುರೋಹಿತರಿಗೆ ಇನ್ನೂ ಆರು ಅಂಗಡಿ ಪೂಜೆ ಇತ್ತು, ಮಂಗಳಾರತಿ ಮಾಡಿ ಓಡಿದ್ರು. ಕದಲಿಸದೆ ಇಲ್ಲಿ ಯಾರೂ ಮುಟ್ಟೋ ಹಾಗಿಲ್ಲ."

"ಮತ್ತೆ ನೀವು ಪ್ರಿಂಟ್ ಹೇಗೆ ಕೊಟ್ರಿ?"

"ಲ್ಯಾಪ್‌ಟಾಪ್ ಮುಟ್ಟಬಹುದು, ಅದನ್ನ ಪೂಜೆಗೆ ಇಟ್ಟಿರಲಿಲ್ಲ. ಪ್ರಿಂಟರ್ ವೈರ್‌ಲೆಸ್ ಅಲ್ವಾ? ಮುಟ್ಟದೇನೇ ಬರುತ್ತೆ ಅಂದ್ಕೊಂಡೆ."

ಕೋರ್ಟಿನಲ್ಲಿ ಇಂಥ ಪಾಯಿಂಟುಗಳನ್ನು ಎತ್ತುವವರ ಜೊತೆ ವಾದ ಮಾಡುವ ಶಕ್ತಿ ನನಗಿಲ್ಲ. ಪುರೋಹಿತರಿಗೆ ಫೋನ್ ಹಚ್ಚಿದೆವು. ಅವರು ಯಾವುದೋ ಗೃಹಪ್ರವೇಶದಲ್ಲಿದ್ದರು. ಸ್ಪೀಕರಿಗೆ ಹಾಕಿಸಿ, ಅಲ್ಲಿಂದಲೇ ಮಂತ್ರ ಹೇಳಿ, "ಈಗ ಉತ್ತರಕ್ಕೆ ಸ್ವಲ್ಪ ಸರಿಸಿಬಿಡಿ," ಎಂದರು. ಉತ್ತರ ಯಾವುದೆಂದು ಮೊಬೈಲಿನಲ್ಲಿ ನೋಡಿ, ಮೇಡಂ ಎರಡೂ ಕೈಯಿಂದ ಪ್ರಿಂಟರನ್ನು ಎರಡಿಂಚು ಸರಿಸಿ ಕಣ್ಣು ಮುಚ್ಚಿ ನಮಸ್ಕಾರ ಮಾಡಿದರು.

ಸರಿಸಿದ ಮೇಲೆ ನನಗೆ ಹಿಂದಿನ ಗೋಡೆ ಕಂಡಿತು. ಪೂಜೆಯ ದಿನ ಸೀರಿಯಲ್ ಲೈಟ್ ಹಾಕಲು ಪ್ರಿಂಟರಿನ ಪ್ಲಗ್ಗನ್ನೇ ಕಿತ್ತಿದ್ದರು. ವಾಪಸ್ ಚುಚ್ಚಿದೆ. ಮೇಡಂ ಕಣ್ಣು ಬಿಡುವುದಕ್ಕೂ ಪ್ರಿಂಟರಿನ ದೀಪ ಹತ್ತುವುದಕ್ಕೂ ಸರಿಹೋಯಿತು. ಅವರು ನೋಡಿದ್ದು ಅಷ್ಟೇ. ಅರ್ಜಿ ಹೊತ್ತಿಗೆ ಸರಿಯಾಗಿ ಹೋಯಿತು.

ಎರಡು ತಿಂಗಳ ಮೇಲೆ ಅದೇ ಆಫೀಸಿನಿಂದ ಮತ್ತೆ ಫೋನ್. "ಪ್ರಿಂಟರ್ ಮತ್ತೆ ಸಿಗ್ತಿಲ್ಲ. ಮೊದಲು ಪುರೋಹಿತರಿಗೇ ಕೇಳಿದ್ವಿ. ಅವರು ಎಲ್ಲ ವಿಚಾರಿಸಿ, ಇದು ಡ್ರೈವರ್ ಸಾಫ್ಟ್‌ವೇರ್ ಪ್ರಾಬ್ಲಂ ಇರ್ಬೇಕು, ರಿಪೇರಿಯವರನ್ನೇ ಕರೀರಿ ಅಂದ್ರು."

ಹೋಗಿ ನೋಡಿದೆ. ಡ್ರೈವರ್ ಪ್ರಾಬ್ಲಮ್ಮೇ ಆಗಿತ್ತು.

ಇಬ್ಬರ ಕೀಲಿಕೈ

ಪದ್ಮನಾಭನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹೊಸ ಪ್ರಿಂಟರ್ ತಂದಿದ್ದರು. ಅದಕ್ಕೆ ಮನೆಯ ವೈಫೈ ಪಾಸ್‌ವರ್ಡ್ ಹಾಕಬೇಕಿತ್ತು.

"ಪಾಸ್‌ವರ್ಡ್ ಹೇಳಿ ಸಾರ್."

"ನನಗೆ ಅರ್ಧ ಮಾತ್ರ ಗೊತ್ತು. ಇನ್ನರ್ಧ ನಮ್ಮ ಮನೆಯವರ ಹತ್ರ ಇದೆ."

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ ಇರುತ್ತವಂತೆ. ಇಬ್ಬರ ಹತ್ತಿರ ಒಂದೊಂದು, ಒಬ್ಬರೇ ಬಾಗಿಲು ತೆಗೆಯುವ ಹಾಗಿಲ್ಲ. ಮೂವತ್ತು ವರ್ಷ ಹಾಗೆ ಬದುಕಿದವರು ಮನೆಯ ಪಾಸ್‌ವರ್ಡಿಗೂ ಅದೇ ವ್ಯವಸ್ಥೆ ಮಾಡಿದ್ದರು. ಎರಡನೇ ಕೀಲಿಕೈ ಭಜನೆಗೆ ಹೋಗಿತ್ತು. ಫೋನ್ ಮಾಡಿದರೆ, "ಇಲ್ಲಿ ಎಲ್ಲರ ಮುಂದೆ ಹೇಗ್ರೀ ಹೇಳೋದು?" ಎಂದು ಆಂಟಿ ಆಟೋ ಹಿಡಿದು ಬಂದರು.

ಮೊದಲು ಯಜಮಾನರು ತಮ್ಮ ಅರ್ಧ ಒತ್ತಬೇಕು. ಆಂಟಿಯೂ ನಾನೂ ಗೋಡೆಯ ಕಡೆ ತಿರುಗಿ ನಿಂತೆವು. ಆಮೇಲೆ ಆಂಟಿಯ ಅರ್ಧ. ಯಜಮಾನರೂ ನಾನೂ ಗೋಡೆಯ ಕಡೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಪ್ರಿಂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಬಾಣದ ಗುರುತನ್ನು ಹತ್ತಾರು ಸಲ ಒತ್ತಬೇಕಾದ್ದರಿಂದ ಆ ತಿಂಗಳ ಏಕಾದಶಿ, ಸಂಕಷ್ಟಿ, ಹುಣ್ಣಿಮೆ ಎಲ್ಲ ನನಗೆ ಬಾಯಿಪಾಠವಾಯಿತು.

ಪಾಸ್‌ವರ್ಡ್ ತಪ್ಪು ಎಂದಿತು ಪ್ರಿಂಟರ್.

"ನಂದು ಸರಿಯಾಗೇ ಇದೆ," ಎಂದರು ಯಜಮಾನರು.

"ಹಾಗಾದ್ರೆ ನಂದು ತಪ್ಪು ಅಂತಲಾ?" ಎಂದರು ಆಂಟಿ.

ಮತ್ತೆ ಗೋಡೆ, ಮತ್ತೆ ಕ್ಯಾಲೆಂಡರ್. ಮೂರನೇ ಸಲಕ್ಕೆ ಸೇರಿಕೊಂಡಿತು. ನೋಡಿಬಿಡೋಣ ಎಂದು ಟೆಸ್ಟ್ ಪೇಜ್ ಕೊಟ್ಟೆ. ಆ ಮಾಡೆಲ್ಲಿಗೆ ಒಂದು ಅಭ್ಯಾಸವಿದೆ ಎಂದು ನನಗೆ ಗೊತ್ತಿರಲಿಲ್ಲ. ಹಾಳೆ ಹೊರಗೆ ಬಂತು. ವೈಫೈ ಹೆಸರು, ಅದರ ಕೆಳಗೆ ಪೂರ್ತಿ ಪಾಸ್‌ವರ್ಡ್, ದಪ್ಪಕ್ಷರದಲ್ಲಿ.

ಆಂಟಿ ಕನ್ನಡಕ ಹಾಕಿಕೊಂಡರು. ತಮ್ಮ ಅರ್ಧ ಅವರಿಗೆ ಗೊತ್ತೇ ಇತ್ತು, ಇನ್ನರ್ಧ ಓದಿದರು.

"ಏನ್ರೀ ಇದು? ಇನ್ನೂ ನಿಮ್ಮಮ್ಮನ ಹೆಸರೇ?"

ಅಷ್ಟರಲ್ಲಿ ಯಜಮಾನರೂ ಓದಿದ್ದರು. "ನಿಂದೇನ್ ಕಮ್ಮಿ? ನಿಮ್ಮಣ್ಣನ ಕಾರ್ ನಂಬರು!"

ಈ ಸಲ ಯಾರೂ ಹೇಳಲಿಲ್ಲ. ನಾನೇ ಹೋಗಿ ಕ್ಯಾಲೆಂಡರಿನ ಕಡೆ ತಿರುಗಿ ನಿಂತೆ.

ಕೆಳಗಿನ ಮನೆ

ಜರಗನಹಳ್ಳಿಯಲ್ಲಿ ಒಬ್ಬ ಓನರ್. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮೂರಂತಸ್ತಿನ ಬಿಲ್ಡಿಂಗ್ ಇದೆ. ಮೊದಲ ಮಹಡಿಯಲ್ಲಿ ತಾಯಿಯ ಜೊತೆ ಅವರ ಸಂಸಾರ. ನೆಲಮಹಡಿಯಲ್ಲಿ ಬಾಡಿಗೆಗೆ ಒಬ್ಬ ಟ್ಯೂಷನ್ ಮೇಡಂ ಮತ್ತು ಅವರ ಯಜಮಾನರು, ಹನ್ನೊಂದು ವರ್ಷದಿಂದ.

ನಾನು ಹೋದಾಗ ಓನರ್ ಹಾಲಿನಲ್ಲಿ ಬೆವರುತ್ತ ಕೂತಿದ್ದರು. ಲ್ಯಾಪ್‌ಟಾಪಿನಲ್ಲಿ ಒಂದು ಪತ್ರ ತೆರೆದಿತ್ತು. ಅದನ್ನು ಓದದೆ ಪ್ರಿಂಟರ್ ಹುಡುಕುವುದು ಸಾಧ್ಯವಿರಲಿಲ್ಲ, ಓದಿದೆ. "ನಮ್ಮ ತಾಯಿಯವರಿಗೆ ಎಡಗಾಲಿನ ಮಂಡಿ ನೋವಿನಿಂದ ಮೆಟ್ಟಿಲು ಹತ್ತಿ ಇಳಿಯಲು ಆಗದ ಕಾರಣ, ಕೆಳಗಿನ ಮನೆಯನ್ನು ಮೂರು ತಿಂಗಳಲ್ಲಿ ಖಾಲಿ ಮಾಡಿಕೊಡಬೇಕಾಗಿ ವಿನಂತಿ. ತಪ್ಪು ತಿಳಿಯಬಾರದು." ಅರ್ಧ ಪುಟದ ಪತ್ರದಲ್ಲಿ ತಪ್ಪು ತಿಳಿಯಬಾರದು ಎನ್ನುವುದು ನಾಲ್ಕು ಸಲ ಇತ್ತು.

"ಅವ್ವ ಐದು ತಿಂಗಳಿಂದ ಕೆಳಗೆ ಇಳಿದಿಲ್ಲ ಸಾರ್," ಎಂದರು. "ಗೇಟ್ ಹತ್ರ ಕೂತ್ಕೊಂಡು ಸೊಪ್ಪಿನವಳ ಜೊತೆ ಜಗಳ ಆಡ್ದಿದ್ರೆ ಅವ್ವಂಗೆ ಊಟ ಸೇರಲ್ಲ. ಡಾಕ್ಟ್ರು ಮೆಟ್ಲೇ ಬೇಡ ಅಂದವ್ರೆ."

"ಕೆಳಗಿನವರಿಗೆ ಬಾಯಲ್ಲೇ ಹೇಳಬಹುದಿತ್ತಲ್ಲ ಸಾರ್?"

"ಹೆಂಗ್ ಹೇಳ್ಲಿ? ಆಯಮ್ಮ ನನ್ನ ಅಣ್ಣ ಅಣ್ಣ ಅಂತೈತೆ. ಯುಗಾದಿ ಬಂದ್ರೆ ಮೊದಲ್ನೇ ಹೋಳಿಗೆ ನಮಗೆ. ದಿನಾ ಬೆಳಿಗ್ಗೆ ಇವತ್ತು ಹೇಳೇ ಬಿಡ್ತೀನಿ ಅಂತ ಇಳೀತೀನಿ. ಕಾಫಿ ಕೊಡ್ತಾರೆ. ಕುಡ್ಕೊಂಡು ವಾಪಸ್ ಬರ್ತೀನಿ."

ಐದು ತಿಂಗಳ ಕಾಫಿಯಾದ ಮೇಲೆ ಮಗಳ ಕೈಲಿ ಪತ್ರ ಟೈಪ್ ಮಾಡಿಸಿದ್ದರು. ಪ್ರಿಂಟ್ ತೆಗೆದು, ಅವರ ಬಾಗಿಲ ಕೆಳಗೆ ತೂರಿಸಿ, ಮನೆಮಂದಿಯೆಲ್ಲ ಮೂರು ದಿನ ನೆಂಟರ ಮನೆಗೆ ಹೋಗಿಬಿಡುವುದು ಎಂದು ತೀರ್ಮಾನ. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಇಬ್ಬರಿಗೆ ಹೇಳಿಯೂ ಆಗಿತ್ತು. ಪ್ರಿಂಟರ್ ಮಾತ್ರ ಸಿಗುತ್ತಿರಲಿಲ್ಲ.

ಒಳಗಿನ ಕೋಣೆಯಿಂದ ತಾಯಿ ಕೂಗಿದರು. "ಹೇಳ್ದೇನ್ಲಾ?"

"ಪ್ರಿಂಟ್ ಆಯ್ತೈತೆ ಕಣವ್ವ!"

ನಾನು ಪ್ರಿಂಟರಿನ ಹಳೆಯ ಸೆಟ್ಟಿಂಗನ್ನೆಲ್ಲ ಅಳಿಸಿ ಹೊಸದಾಗಿ ಹುಡುಕಿದೆ. ಪ್ರಿಂಟರಿನ ಹೆಸರು ಬಂತು. "ಸಿಕ್ತು ಸಾರ್," ಎಂದು ಸ್ವಲ್ಪ ಜಂಬದಿಂದಲೇ ಹೇಳಿ ಪ್ರಿಂಟ್ ಒತ್ತಿದೆ. ಪ್ರಿಂಟ್ ಆಯಿತು ಎಂದಿತು ಲ್ಯಾಪ್‌ಟಾಪ್. ಪಕ್ಕದಲ್ಲಿದ್ದ ಪ್ರಿಂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಮತ್ತೆ ಒತ್ತಿದೆ. ಆಯಿತು ಎಂದಿತು. ತಡೆಯಲಾರದೆ ಓನರ್ ತಾವೇ ಏಳು ಸಲ ಒತ್ತಿದರು. ಏಳೂ ಸಲ ಆಯಿತು ಎಂದಿತು.

ಆಗ ನಾನು ಮೊದಲೇ ನೋಡಬೇಕಾಗಿದ್ದನ್ನು ನೋಡಿದೆ. ಲ್ಯಾಪ್‌ಟಾಪ್ ಇದ್ದದ್ದು ಈ ಮನೆಯ ವೈಫೈಯಲ್ಲಲ್ಲ.

"ಸಾರ್, ಇದು ಯಾರ ವೈಫೈ?"

"ಕೆಳಗಿನ ಮನೇದು. ನಮ್ಮದು ಕೆಟ್ಟಿದ್ದಾಗ ಆಯಮ್ಮನೇ ಹಾಕ್ಕೊಟ್ಟಿದ್ದು."

"ಅವರ ಮನೇಲೂ ಪ್ರಿಂಟರ್ ಇದೆಯಾ?"

"ಐತೆ. ಇಂಥದ್ದೇ. ಆಫರ್‌ನಲ್ಲಿ ಎರಡು ತಂದು ನಾನೇ ಒಂದು ಕೊಡ್ಸಿದ್ದು."

ಹೇಳುತ್ತ ಹೇಳುತ್ತ ಅವರಿಗೂ ಅರ್ಥವಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು.

ಟ್ಯೂಷನ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂಬತ್ತು ಹಾಳೆ. "ಅಣ್ಣಾ, ಪ್ರಶ್ನೆಪತ್ರಿಕೆ ತೆಗೀತಿದ್ದೆ, ಮಧ್ಯೆ ಇದು ತಾನಾಗೇ ಬಂತು. ಒಂಬತ್ತಿದೆ. ನೀವು ಕಳಿಸಿದ್ದಾ?"

ಓನರ್ ಹಾಳೆ ನೋಡಿದರು, ಮೇಡಂ ಮುಖ ನೋಡಿದರು. ಐದು ತಿಂಗಳು ಕಾದಿದ್ದ ಮಾತು ಅಚ್ಚಾಗಿ ಎದುರಿಗೆ ನಿಂತಿತ್ತು. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

"ಏ, ನಂದಲ್ಲಮ್ಮ!" ಎಂದರು. "ವೈರಸ್ ಅದು! ಈಗ ಎಲ್ಲಾ ಕಡೆ ಐತಂತೆ. ಅಲ್ವಾ ಸಾರ್?"

ನಾನು ಈ ಕಸುಬಿನಲ್ಲಿ ಬಹಳ ವೈರಸ್ ನೋಡಿದ್ದೇನೆ. ಓನರ್ ತಾಯಿಯ ಯಾವ ಮಂಡಿ ನೋಯುತ್ತದೆ ಎಂದು ಗೊತ್ತಿರುವ ವೈರಸ್ ನೋಡಿರಲಿಲ್ಲ. ಆದರೂ ಆ ಮನುಷ್ಯನ ಮುಖ ನೋಡಿ, "ಇರಬಹುದು," ಎಂದೆ.

ಮೇಡಂ ಪಕ್ಕದಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟರು. "ವೈರಸ್ಸಾ?" ಎಂದರು. ದನಿ ಪೂರಾ ಇಳಿದಿತ್ತು. "ಅಯ್ಯೋ, ನಮ್ಮನೆಯವರು ಆಗಲೇ ದೇವರಿಗೆ ತುಪ್ಪದ ದೀಪ ಹಚ್ಚಿಬಿಟ್ರು."

"ದೀಪ ಯಾಕಮ್ಮ?"

"ಏನಂತ ಹೇಳ್ಲಿ ಅಣ್ಣ. ಅಂಜನಾಪುರದಲ್ಲಿ ನಮ್ಮ ಫ್ಲ್ಯಾಟ್ ರೆಡಿಯಾಗಿ ನಾಲ್ಕು ತಿಂಗಳಾಯ್ತು. ನಿಮ್ಮನ್ನ ಬಿಟ್ಟು ಹೋಗ್ತೀವಿ ಅಂತ ಯಾವ ಬಾಯಲ್ಲಿ ಹೇಳೋದು? ದಿನಾ ನೀವು ಕಾಫಿಗೆ ಬಂದಾಗ ಇವತ್ತು ಹೇಳೇ ಬಿಡ್ತೀನಿ ಅಂತಾರೆ ಇವರು. ನಿಮ್ಮ ಮುಖ ನೋಡಿದ್ರೆ ಬಾಯೇ ಬರಲ್ಲವಂತೆ. ಈ ಲೆಟರ್ ನೋಡಿ, ಸದ್ಯ ದೇವರೇ ದಾರಿ ತೋರಿಸ್ದ ಅಂದ್ಕೊಂಡ್ವಿ. ಹೋಗ್ಲಿ ಬಿಡಿ, ವೈರಸ್ ಅಂದ್ರೆ ಏನ್ ಮಾಡೋಕಾಗುತ್ತೆ?" ಹಾಳೆಗಳನ್ನು ಮಡಚಿಕೊಂಡು ಏಳತೊಡಗಿದರು.

ಓನರ್ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಸಾರ್," ಎಂದರು, "ಇನ್ನೊಂದ್ಸಲ ಸರಿಯಾಗಿ ನೋಡಿ. ವೈರಸ್ ಇರಾಕಿಲ್ಲ ಅನ್ಸುತ್ತೆ."

ನಾನು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು ಸುಮ್ಮನೆ ಎರಡು ಕೀ ಒತ್ತಿ, ಸ್ವಲ್ಪ ಹೊತ್ತು ನೋಡಿದೆ.

"ಇಲ್ಲ ಸಾರ್," ಎಂದೆ. "ಲೆಟರ್ ನಿಮ್ಮದೇ."