ಸಾಹೇಬರ ಹಿಂದಿನ ಏಳನೇ ಕಾರು

ಸೋದರಮಾವನಿಲ್ಲದೆ ಮದುವೆ ನಡೆಯುವುದಿಲ್ಲ ಎಂಬ ನಂಬಿಕೆಯಲ್ಲಿ ನಾನು ಐವತ್ತೆಂಟು ವರ್ಷ ಬದುಕಿದ್ದೆ. ನಮ್ಮಲ್ಲಿ ಮದುವೆಹೆಣ್ಣಿನ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನೇ. ಅಪ್ಪ ಓಡಾಡಬಹುದು, ಅಮ್ಮ ಅಳಬಹುದು, ಐನೋರು ಮಂತ್ರ ಹೇಳಬಹುದು; ಕೈ ಹಿಡಿಯುವ ಹಕ್ಕು ಮಾತ್ರ ಮಾವನದು. ನನಗಿರುವುದು ಒಬ್ಬಳೇ ತಂಗಿ, ಅವಳಿಗೆ ಒಬ್ಬಳೇ ಮಗಳು ಸುಮಾ. ಅಂದರೆ ಇಡೀ ಆಯುಷ್ಯದಲ್ಲಿ ನನಗೆ ಅಧಿಕಾರ ಸಿಗುವುದು ಒಂದೇ ಸಲ, ಅದೂ ಐದು ನಿಮಿಷ. ಐದು ವರ್ಷಕ್ಕೆ ಆರಿಸಿ ಬರುವವರೂ ನನ್ನಷ್ಟು ತಯಾರಿ ಮಾಡಿಕೊಂಡಿರಲಿಕ್ಕಿಲ್ಲ. ಒಂದು ವಾರದಿಂದ ಮನೆಯ ಪಡಸಾಲೆಯಲ್ಲಿ ಹೆಂಡತಿ ಗಿರಿಜಾಳ ಕೈ ಹಿಡಿದು, ಎಡಗಾಲು ಮೊದಲೋ ಬಲಗಾಲು ಮೊದಲೋ ಎಂದು ನಡೆದು ನಡೆದು ಅಭ್ಯಾಸ ಮಾಡಿದ್ದೆ.

"ಮೂವತ್ತು ವರ್ಷದ ಸಂಸಾರದಲ್ಲಿ ಇವ್ರು ಇಷ್ಟು ಸಲ ನನ್ನ ಕೈ ಹಿಡಿದಿದ್ದು ಇದೇ ಮೊದ್ಲು ಕಣ್ರೀ" ಎಂದು ಅವಳು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಮದುವೆ ಶಿಕಾರಿಪುರದಲ್ಲಿ, ಮುಹೂರ್ತ ಹನ್ನೊಂದು ಹತ್ತಕ್ಕೆ. ನಾವಿರುವುದು ಸೊರಬದಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಹಿಂದಿನ ದಿನವೇ ಹೋಗಿ ಉಳಿಯೋಣ ಎಂದಳು ಗಿರಿಜಾ. ಕಲ್ಯಾಣಮಂಟಪದ ಜಮಖಾನೆ ಮೇಲೆ ನಿದ್ದೆಗೆಟ್ಟರೆ ಮರುದಿನ ಫೋಟೋದಲ್ಲಿ ಕಣ್ಣು ಊದಿಕೊಂಡಿರುತ್ತದೆ ಎಂದೆ ನಾನು. "ಸ್ವಂತ ಕಾರಿದೆ. ಎಂಟಕ್ಕೆ ಬಿಟ್ಟರೆ ಒಂಬತ್ತೂವರೆಗೆ ಅಲ್ಲಿ ಇರ್ತೀವಿ. ನಾನು ಯಾವತ್ತಾದ್ರೂ ತಡ ಮಾಡಿದೀನಾ?"

ಕಾರಿನ ಬಗ್ಗೆ ಒಂದು ಮಾತು. ಕಂಟ್ರಾಕ್ಟರ್ ಒಬ್ಬರಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದು. ಬಣ್ಣ ಬಿಳಿ. ಬಾನೆಟ್ ಮೇಲೆ ಬಾವುಟ ಸಿಕ್ಕಿಸುವ ಪುಟ್ಟ ಸ್ಟೀಲ್ ಕಡ್ಡಿ ಇನ್ನೂ ಹಾಗೇ ಇದೆ. ಬಾವುಟ ಯಾವ ಪಕ್ಷದ್ದಿತ್ತು ಎಂದು ನಾನು ಕೇಳಲಿಲ್ಲ. ಗಿರಿಜಾ ಅದರ ಮೇಲೆ ಒರೆಸುವ ಬಟ್ಟೆ ಒಣಹಾಕುತ್ತಾಳೆ.

ಎಂಟಕ್ಕೆ ಸರಿಯಾಗಿ ಹೊರಟೆವು. ಅರ್ಧ ದಾರಿಯಲ್ಲಿ ಒಂದು ಹಳ್ಳವಿದೆ. ಅದಕ್ಕೆ ಹೊಸ ಸೇತುವೆ ಕಟ್ಟಿ ಮುಗಿದು ಎಷ್ಟೋ ತಿಂಗಳಾಗಿದೆ. ಆದರೆ ಉದ್ಘಾಟನೆ ಆಗಿಲ್ಲ. ರಿಬ್ಬನ್ ಕತ್ತರಿಸುವ ಮೊದಲು ಸೇತುವೆ ಜನರ ಭಾರ ತಡೆಯುವುದಿಲ್ಲ ಎನ್ನುವುದು ನಮ್ಮ ಕಡೆಯ ಇಂಜಿನಿಯರಿಂಗ್ ಶಾಸ್ತ್ರ! ಹಾಗಾಗಿ ನಾವೆಲ್ಲ ಇಷ್ಟು ದಿನ ಸೇತುವೆಯನ್ನು ನೋಡುತ್ತ, ಅದರ ಪಕ್ಕದ ಕೆಸರಿನಲ್ಲಿ ಹಾಯ್ದು ಹೋಗುತ್ತಿದ್ದೆವು. ಅವತ್ತು ನೋಡಿದರೆ ಆ ಕೆಸರಿಗೂ ಬ್ಯಾರಿಕೇಡ್ ಹಾಕಿದ್ದರು.

"ಸಾಹೇಬ್ರು ಸೇತುವೆ ಉದ್ಘಾಟನೆಗೆ ಬರ್ತಿದಾರೆ. ಅವ್ರು ಹೋಗೋ ತನಕ ಪಬ್ಲಿಕ್‌ಗೆ ಬಿಡಂಗಿಲ್ಲ" ಎಂದ ಪೊಲೀಸಪ್ಪ. "ಹಿಂದಕ್ಕೆ ಹೋಗಿ ಎಡಕ್ಕೆ ತಿರುಗಿ, ಹಳ್ಳಿ ರಸ್ತೆ ಹಿಡೀರಿ."

"ಅಲ್ಲಿ ಗುಂಡಿ ಜಾಸ್ತಿ ಅಲ್ವಾ ಸ್ವಾಮಿ?"

"ಪಬ್ಲಿಕ್ ಅಲ್ವೇನ್ರೀ? ಅಭ್ಯಾಸ ಇರ್ತದೆ."

ನಮ್ಮ ಹಿಂದೆಯೇ ಒಂದು ಟೆಂಪೋ ನಿಂತಿತ್ತು. ಅದರ ತುಂಬ ನಮ್ಮ ಉಳವಿಯ ನೆಂಟರು, ಅದೇ ಮದುವೆಗೆ ಹೊರಟವರು. ಮುಂದಿನ ಸೀಟಿನಿಂದ ಚಿಕ್ಕಪ್ಪ ತಲೆ ಹೊರಗೆ ಹಾಕಿ, "ಬಾರಾ, ನಮ್ಮ ಹಿಂದೇನೇ ಬಾ. ಗುಂಡಿ ಏನು ನಮಗೆ ಹೊಸದಾ?" ಎಂದು ಕರೆದು, ಟೆಂಪೋ ತಿರುಗಿಸಿಕೊಂಡು ಹೋದರು. ನಾನೂ ತಿರುಗಿಸಬೇಕಿತ್ತು. ಅಷ್ಟರಲ್ಲಿ ಸೈರನ್ ಕೇಳಿಸಿತು.

ಒಂದು, ಎರಡು, ಮೂರು... ಆರು ಕಾರು ಸರಸರನೆ ಹೋದವು. ಸಾಹೇಬರು ಯಾರು, ಪಕ್ಷ ಯಾವುದು ಎಂದು ಕೇಳಬೇಡಿ. ಕಾರು ಎಲ್ಲರದೂ ಬಿಳಿಯೇ ಇರುತ್ತದೆ. ಪೊಲೀಸಪ್ಪ ಬ್ಯಾರಿಕೇಡ್ ಸರಿಸಿ, ಎದೆ ಉಬ್ಬಿಸಿ ಸೆಲ್ಯೂಟ್ ಹೊಡೆಯುತ್ತಿದ್ದ. ನನ್ನ ಕಾಲು ನನ್ನನ್ನು ಕೇಳದೆ ಎಕ್ಸಲರೇಟರ್ ತುಳಿಯಿತು. ಏಳನೆಯದಾಗಿ ನಾನೂ ನುಗ್ಗಿದೆ. ಅವನ ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ. ಎರಡು ನಿಮಿಷದ ಹಿಂದೆ ನನಗೆ ಗುಂಡಿ ತೋರಿಸಿದ ಅದೇ ಕೈ ಈಗ ನನಗೆ ಸೆಲ್ಯೂಟ್ ಹೊಡೆಯಿತು!

"ರೀ, ಏನ್ ಮಾಡ್ತಿದೀರಿ? ಹಿಡ್ಕಂಡ್ರೆ?"

"ಸುಮ್ನೆ ಗಂಭೀರವಾಗಿ ಕೂತ್ಕೋ. ಮುಖಂಡರ ಹೆಂಡತಿ ಥರ."

ಗಿರಿಜಾ ಸೆರಗು ಹೊದ್ದು ನೆಟ್ಟಗೆ ಕೂತಳು. ಹಳ್ಳಿ ರಸ್ತೆಯಲ್ಲಿ ತೊಟ್ಟಿಲಿನಂತೆ ತೂಗುತ್ತಿದ್ದ ಉಳವಿಯ ಟೆಂಪೋ ದೂರದಲ್ಲಿ ಕಾಣಿಸಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಈ ಜನಕ್ಕೆ ಬದುಕುವುದೇ ಗೊತ್ತಿಲ್ಲ ಅನ್ನಿಸಿತು.

ಸೇತುವೆಯ ಮೇಲೆ ಶಾಮಿಯಾನ. ಮುಂದೆ ಆರು ಕಾರು, ಹಿಂದೆ ಪೊಲೀಸ್ ಜೀಪು, ನಾನು ನಡುವೆ. ಅಲ್ಲಾಡುವಂತಿಲ್ಲ. ಸಾಹೇಬರು ರಿಬ್ಬನ್ ಕತ್ತರಿಸಿ, "ಈ ಸೇತುವೆಯನ್ನು ಇಂದಿನಿಂದ ಸಾರ್ವಜನಿಕರ ಪಾದಕ್ಕೆ ಅರ್ಪಿಸುತ್ತಿದ್ದೇನೆ" ಎಂದರು. ಸಾರ್ವಜನಿಕರ ಪಾದಗಳನ್ನು ಪೊಲೀಸರು ದೂರದಲ್ಲೇ ತಡೆದು ನಿಲ್ಲಿಸಿದ್ದರಿಂದ ಚಪ್ಪಾಳೆಯನ್ನು ಕಾರ್ಯಕರ್ತರೇ ತಟ್ಟಿದರು. ಸ್ವಾಗತ, ಹಾರ, ಶಾಲು ಮುಗಿಯಲು ಒಂದು ಗಂಟೆ, ಭಾಷಣ ಐವತ್ತು ನಿಮಿಷ. ಸೇತುವೆ ದಾಟಲು ಅರ್ಧ ನಿಮಿಷ ಸಾಕಿತ್ತು.

ಆಮೇಲೆ ಯಾರೋ ನನ್ನ ಡಿಕ್ಕಿ ಬಡಿದು ತೆರೆಸಿ, ಸಾಹೇಬರಿಗೆ ಬಂದ ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನೆಲ್ಲ ತುಂಬಿದರು. ಮೂವರು ಕಾರ್ಯಕರ್ತರು ಹೇಳದೆ ಕೇಳದೆ ಹಿಂದಿನ ಸೀಟಿಗೆ ಹತ್ತಿದರು. ನಡುವೆ ಕೂತವನ ಕೈಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಉಂಗುರವಿತ್ತು.

"ನಡೀ ಅಣ್ಣಾ, ಗಾಡಿ ಬಿಡು. ಗ್ಯಾಪ್ ಬಿಡಬ್ಯಾಡ" ಎಂದ ಉಂಗುರದವನು.

"ಅಲ್ಲ, ನಾವು ಶಿಕಾರಿಪುರಕ್ಕೆ, ಮದುವೆಗೆ..."

"ನಾವೂ ಅಲ್ಲಿಗೇ ಹೊಂಟೀವಿ. ಗಂಡಿನ ಅಪ್ಪ ನಮ್ಮ ಪಕ್ಷದ ಹಳೇ ಹುಲಿ. ಸಾಹೇಬ್ರು ಬರದೆ ತಾಳಿ ಕಟ್ಟಂಗಿಲ್ಲ ಅಂದಾರೆ."

ತಂಗಿಯ ಬೀಗರು ಯಾವುದೋ ಪಕ್ಷದವರೆಂದು ಕೇಳಿದ್ದೆ. ಅಂದರೆ ಅದೇ ಮದುವೆ! ನಾನು ಗಿರಿಜಾಳ ಕಡೆ ನೋಡಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ತಂಗಿಯ ಫೋನು ಬಂತು.

"ಅಣ್ಣಾ, ಎಲ್ಲಿದೀಯಾ? ಹನ್ನೊಂದಾಗ್ತಾ ಬಂತು. ಸೋದರಮಾವ ಬರ್ಲಿ ಬಿಡ್ಲಿ, ಮುಹೂರ್ತ ಒಂದು ನಿಮಿಷ ಮೀರಂಗಿಲ್ಲ ಅಂತ ಐನೋರು ಕೂಗ್ತಿದಾರೆ."

ಕಾಲು ಗಂಟೆ ಬಿಟ್ಟು ಮತ್ತೆ ಅವಳದೇ ಫೋನು. "ನಿಧಾನಕ್ಕೆ ಬಾ ಅಣ್ಣಾ. ಸಾಹೇಬ್ರು ತಡ ಅಂತೆ. ಐನೋರು ಪಂಚಾಂಗ ತೆಗೆದು ಇನ್ನೊಂದು ಮುಹೂರ್ತ ಹುಡುಕಿದ್ರು. ಮೊದಲಿನದಕ್ಕಿಂತ ಇದೇ ಶ್ರೇಷ್ಠವಂತೆ!"

ನನ್ನ ಆತ್ಮವಿಶ್ವಾಸ ಆಕಾಶ ಮುಟ್ಟಿತು. ಸಾಹೇಬರ ಜೊತೆಗೇ ಬರುತ್ತಿದ್ದೇನೆ, ಗ್ರಹಗಳೇ ನಮಗಾಗಿ ಕಾಯುತ್ತಿವೆ! ದಾರಿಯಲ್ಲಿ ಇನ್ನೆರಡು ಊರಲ್ಲಿ ನಿಂತೆವು. ಒಂದು ಕಡೆ ಬಸ್ ತಂಗುದಾಣ, ಒಂದು ಕಡೆ ಕೇಸರಿಭಾತು. ಕೂಡುರಸ್ತೆಯಲ್ಲಿ ನಮಗಾಗಿ ತಡೆದು ನಿಲ್ಲಿಸಿದ್ದ ಬೈಕು, ಬಸ್ಸು, ಆಟೋಗಳ ಸಾಲಿತ್ತು. ಒಬ್ಬ ಮುದುಕ ಬಿಸಿಲಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದ. ನಾನು ಕಿಟಕಿ ಇಳಿಸಿ ಅವನಿಗೆ ಕೈ ಬೀಸಿದೆ.

"ಯಾರ್ರೀ ಅದು?" ಎಂದಳು ಗಿರಿಜಾ.

"ಗೊತ್ತಿಲ್ಲ. ಪಬ್ಲಿಕ್."



ಕಲ್ಯಾಣಮಂಟಪದ ಬಾಗಿಲಲ್ಲಿ ಡೊಳ್ಳು, ಪಟಾಕಿ. ಸಾಹೇಬರು ಇಳಿದು ಒಳಗೆ ನಡೆದರು. ಕಾರ್ಯಕರ್ತರು ಹಿಂದೆ ಓಡಿದರು. "ನಾನು ಒಳಗೆ ಹೇಳಿರ್ತೀನಿ, ಬೇಗ ಬನ್ನಿ" ಎಂದು ಗಿರಿಜಾ ಸೀರೆ ಎತ್ತಿ ಹಿಡಿದು ಓಡಿದಳು. ನಾನು ಪಂಚೆ ಸರಿಮಾಡಿಕೊಂಡು ಒಂದು ಕಾಲು ಕೆಳಗೆ ಇಟ್ಟೆ. ಕಾನ್‌ಸ್ಟೇಬಲ್ ಒಬ್ಬ ಬಂದು ಕಾರಿನ ಬಾಗಿಲನ್ನು ಹೊರಗಿನಿಂದ ಒತ್ತಿದ.

"ಡ್ರೈವರ್‌ಗಳು ಇಳಿಯಂಗಿಲ್ಲ."

"ಡ್ರೈವರ್ ಅಲ್ರೀ, ನಾನು ಸೋದರಮಾವ!"

"ಯಾರಿಗೆ, ಸಾಹೇಬ್ರಿಗಾ?"

"ಹುಡುಗಿಗೆ! ನಾನು ಹೋಗದಿದ್ರೆ ಮದುವೆ ನಿಲ್ಲತ್ತೆ!"

"ಸಾಹೇಬ್ರು ಬಂದಾಯ್ತಲ್ಲ, ಇನ್ನೇನು ನಿಲ್ಲೋದು? ಐದು ನಿಮಿಷಕ್ಕೆ ಕಾನ್ವಾಯ್ ಹೊರಡ್ತದೆ. ಗಾಡಿ ಆಫ್ ಮಾಡಬ್ಯಾಡ."

ಇಷ್ಟು ಹೊತ್ತು ಸೆಲ್ಯೂಟ್ ಹೊಡೆಸಿಕೊಂಡಿದ್ದು ನಾನಲ್ಲ, ಕಾರು ಎಂದು ಆಗ ಅರ್ಥವಾಯಿತು. ಬೇಡಿಕೊಂಡೆ. ಲಗ್ನಪತ್ರಿಕೆ ತೆಗೆದು ಅದರಲ್ಲಿದ್ದ ನನ್ನ ಹೆಸರು ತೋರಿಸಿದೆ. ಅವನು ಓದಿ, "ಹೆಸರು ಚೆನ್ನಾಗಿದೆ" ಎಂದು ವಾಪಸ್ ಕೊಟ್ಟ. ಒಳಗಿನಿಂದ ಗಟ್ಟಿಮೇಳ ಕೇಳಿಸಿತು.

ಒಳಗೆ ಏನಾಯಿತೆಂದು ಗಿರಿಜಾ ಆಮೇಲೆ ಹೇಳಿದಳು. ಐನೋರು "ಸೋದರಮಾವ ಎಲ್ಲಿ?" ಎಂದರಂತೆ. "ಬಂದ್ರು, ಹೊರಗೆ ಗಾಡಿ ಹತ್ರ ಇದಾರೆ, ಎರಡು ನಿಮಿಷ" ಎಂದಳಂತೆ ಇವಳು. ಸಾಹೇಬರು ಗಡಿಯಾರ ನೋಡಿಕೊಂಡು, "ನಾನೂ ನಿಮ್ಮ ಮನೆಯವನೇ ಅಲ್ಲವೇ? ನಾನೇ ಸೋದರಮಾವ ಅಂತ ತಿಳ್ಕೊಳ್ಳಿ" ಎಂದು ಸುಮಾಳ ಕೈ ಹಿಡಿದೇಬಿಟ್ಟರಂತೆ. ಜನ ಶಿಳ್ಳೆ ಹಾಕಿದರಂತೆ. ರಸ್ತೆ ಅವರದು, ಸೇತುವೆ ಅವರದು, ಮುಹೂರ್ತ ಅವರದು, ಇರಲಿ. ನನ್ನದು ಅಂತ ಇದ್ದಿದ್ದು ಐದೇ ಐದು ನಿಮಿಷ. ಅದೂ ಅವರಿಗೇ ಬೇಕಾಯಿತೇ? ತೊಟ್ಟಿಲಲ್ಲಿದ್ದಾಗ ನನ್ನ ಬೆರಳು ಹಿಡಿದುಕೊಂಡು ಬಿಡದಿದ್ದ ಕೂಸು ಅದು. ಸ್ಟೇರಿಂಗ್ ಹಿಡಿದುಕೊಂಡೇ ನನ್ನ ಕಣ್ಣಲ್ಲಿ ನೀರು ಬಂತು.

ಅಳಲಿಕ್ಕೂ ಸಮಯ ಸಿಗಲಿಲ್ಲ. ಉಂಗುರದವನು ಓಡಿಬಂದು ಹತ್ತಿ, "ನಡೀ ನಡೀ, ಸಾಹೇಬ್ರು ಹೊಂಟ್ರು!" ಎಂದ. ಮುಂದೆ ಕಾರು, ಹಿಂದೆ ಜೀಪು, ಪೀಂ ಪೀಂ ಎಂದು ಹಾರ್ನು. ಮದುವೆಗೆ ಹೋದ ಸೋದರಮಾವ ಮಂಟಪವನ್ನೇ ನೋಡದೆ ಕಾನ್ವಾಯ್ ಜೊತೆ ಊರಾಚೆಗೆ ಹೊರಟ! ಹತ್ತು ಮೈಲಿ ಆಚೆ ಒಂದು ಸಮುದಾಯ ಭವನದ ಮುಂದೆ ಅವರೆಲ್ಲ ಇಳಿದು ಡಿಕ್ಕಿ ಖಾಲಿ ಮಾಡಿದ ಮೇಲೆಯೇ ನನಗೆ ಬಿಡುಗಡೆ. ಇಳಿಯುವಾಗ ಉಂಗುರದವನು ಬೆನ್ನು ತಟ್ಟಿ, "ಚಲೋ ಓಡಿಸ್ತೀಯ" ಎಂದ.

ನಾನು ವಾಪಸ್ ಬರುವಾಗ ಮೂರು ಗಂಟೆ. ಸುಮಾ ಹೊರಡುವ ತಯಾರಿಯಲ್ಲಿದ್ದಳು. ಕಾಲಿಗೆ ನಮಸ್ಕರಿಸಿ, "ಎಲ್ಲಿ ಹೋಗಿದ್ರಿ ಮಾವ?" ಎಂದಳು. "ಟ್ರಾಫಿಕ್ಕು" ಎಂದೆ. ತಂಗಿ ನನ್ನನ್ನು ನೋಡಿದವಳೇ ಮಗಳ ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದಳು.

ಊಟದ ಮನೆಯ ಬಾಗಿಲಲ್ಲಿ ಉಳವಿಯವರೆಲ್ಲ ನಿಂತಿದ್ದರು. ಟೆಂಪೋ ಗುಂಡಿಯಲ್ಲಿ ಹೂತು, ತಳ್ಳಿ, ಎತ್ತಿ, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಆಗಷ್ಟೇ ಬಂದಿದ್ದರು. "ಹೋಳಿಗೆ ಮುಗೀತ್ರೀ. ಅನ್ನ ಸಾರು ಇದ್ರೆ ನೋಡ್ತೀವಿ" ಎನ್ನುತ್ತಿದ್ದರು ಬಡಿಸುವವರು. ನಾನು ಚಿಕ್ಕಪ್ಪನ ಹಿಂದೆ ನಿಂತುಕೊಂಡೆ. ಅಷ್ಟರಲ್ಲಿ ಗಂಡಿನ ಕಡೆಯ ಶಾಲಿನವರೊಬ್ಬರು ನನ್ನನ್ನು ನೋಡಿ, "ಅರೆ, ಇವ್ರು ಸಾಹೇಬ್ರ ಡ್ರೈವರ್ ಅಲ್ವಾ? ಪಾಪ, ಊಟಾನೇ ಮಾಡಿಲ್ಲ. ಒಳಗೆ ಕೂರಿಸ್ರಪ್ಪಾ!" ಎಂದು ಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಅಂತೂ ಆ ದಿನ ಕೈ ಹಿಡಿಸಿಕೊಂಡು ನಡೆದಿದ್ದು ನಾನೇ.

ಬಾಳೆಎಲೆ ಬಂತು. ಮುಗಿದುಹೋಗಿದ್ದ ಹೋಳಿಗೆ ಬಂತು. "ಡ್ರೈವರ್ ಅಲ್ರೀ, ಇವ್ರು..." ಎಂದು ಗಿರಿಜಾ ಬಾಗಿಲಲ್ಲಿ ಬಾಯಿ ತೆರೆದಳು. ನಾನು ಸುಮ್ಮನಿರೆಂದು ಕಣ್ಸನ್ನೆ ಮಾಡಿದೆ. ಅವಳ ಹೆಗಲ ಮೇಲಿಂದ ಚಿಕ್ಕಪ್ಪ, ಕೆಸರಿನ ಕಾಲಲ್ಲಿ ನಿಂತು, ನನ್ನ ಎಲೆಯನ್ನೇ ನೋಡುತ್ತಿದ್ದರು.

ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸಿಕ್ಕಿಕೊಳ್ಳಲಿಲ್ಲ. ತುಪ್ಪ ಧಾರಾಳವಾಗಿ ಹಾಕಿದ್ದರು.