ಕಲ್ಲಿನ ಫೋಟೋ, ಐದು ನಿಂಬೆಹಣ್ಣು

ಚಂದ ಕಂಡದ್ದನ್ನು ಫೋಟೋ ತೆಗೆಯುವುದು ತಪ್ಪೇನಲ್ಲ. ಆದರೂ ನಾನು ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲಿಂದಲೋ ಒಬ್ಬರು ಬಂದು ‘ಯಾರ್ರೀ ನೀವು?’ ಅನ್ನುತ್ತಾರೆ. ಶಿಕಾರಿಪುರದ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬಂತೆಂದರೆ ಹಳೇ ಬಾಗಿಲು, ವೀರಗಲ್ಲು ಅಂತ ಬೈಕಿನಲ್ಲಿ ಅಲೆಯುವ ಚಟ. ಜೊತೆಗೆ ಹುಟ್ಟಾ ಪುಕ್ಕಲ. ‘ಒಂದಿನ ನಿಮ್ಮನ್ನ ನಿಧಿಗಳ್ಳ ಅಂತ ಹಿಡಿದು ಬಡೀತಾರೆ, ನೋಡ್ತಿರಿ’ ಎಂದು ಹೆಂಡತಿ ಹೇಳಿದಾಗಿನಿಂದ ನನಗೆ ಅದೇ ಚಿಂತೆ. ಚಟವನ್ನಂತೂ ಬಿಟ್ಟಿಲ್ಲ.

ಬಾಗಿಲು

ನಮ್ಮ ಪೇಟೆಯ ಓಣಿಯೊಂದರಲ್ಲಿ ಹಳೇ ಮನೆ. ಬಾಗಿಲ ಚೌಕಟ್ಟಿನ ತುಂಬ ಬಳ್ಳಿ, ಗಿಳಿಗಳ ಕೆತ್ತನೆ. ಎರಡು ಫೋಟೋ ತೆಗೆಯುವಷ್ಟರಲ್ಲಿ ಮನೆಯಾಕೆ ಹೊರಗೆ ಬಂದರು.

‘ಯಾರ್ರೀ? ಪುರಸಭೆಯೋರಾ?’

‘ಇಲ್ಲಮ್ಮ, ಬಾಗಿಲು ಚೆನ್ನಾಗಿದೆ ಅಂತ...’ ಅನ್ನುತ್ತಲೇ ಬೈಕ್ ಹತ್ತಿ ಓಡಿದೆ.

ಮನೆಗೆ ಬಂದು ನೋಡಿದರೆ, ಅಂಜಿಕೊಂಡೇ ತೆಗೆದ ಎರಡೂ ಫೋಟೋ ಅಲುಗಾಡಿದ್ದವು. ಮುಂದಿನ ಭಾನುವಾರ ಧೈರ್ಯ ಮಾಡಿ ಮತ್ತೆ ಹೋದರೆ ಬಾಗಿಲು, ಬಳ್ಳಿ, ಗಿಳಿ ಎಲ್ಲಕ್ಕೂ ಫಳಫಳ ಹಸಿರು ಬಣ್ಣ. ಆಕೆ ನಗುತ್ತ ನಿಂತಿದ್ದರು.

‘ಅವತ್ತು ನೀವು ಫೋಟೋ ತಗೊಂಡು ಹೋದಾಗ ನಮಗೇ ನಾಚ್ಕಿ ಆತ್ರೀ, ಬಾಗ್ಲಾ ಇಷ್ಟು ಹಳೇದಾಗೈತಲ್ಲ ಅಂತ. ಬಣ್ಣ ಹೊಡ್ಸೀವಿ. ಈಗ ತಗೀರಿ.’

ನೀರು

ಅಂಬ್ಲಿಗೊಳ ಜಲಾಶಯದ ಏರಿ ಮೇಲೆ ನಿಂತು, ನೀರಿನ ಮೇಲಿದ್ದ ಸಂಜೆ ಬಣ್ಣ ತೆಗೆಯುತ್ತಿದ್ದೆ. ರೈತರೊಬ್ಬರು ಬಂದು ಕೈಮುಗಿದರು.

‘ಸಾಹೇಬ್ರೆ, ಕಾಲುವೆಗೆ ನೀರು ಯಾವಾಗ ಬಿಡ್ತೀರಿ?’

‘ನನಗೂ ಅದಕ್ಕೂ ಸಂಬಂಧ ಇಲ್ಲ ರೀ.’

ಅವರು ತಿರುಗಿ ಜೊತೆಯವರನ್ನು ಕರೆದರು. ‘ಬರ್ರೋ, ಇವ್ರು ಇಂಜಿನಿಯರೇ. ಹೋದ ಸಲ ಬಂದೋರೂ ಹಿಂಗೇ ಅಂದಿದ್ರು.’

ಗೋಡೆ

ಹೊಸಬಾಳೆ ಕಡೆ ಮಳೆಗೆ ಅರ್ಧ ಕುಸಿದ ಕೊಟ್ಟಿಗೆಯ ಮಣ್ಣಿನ ಗೋಡೆ. ಅದರ ಮೇಲೆ ಹಳದಿ ಹೂವಿನ ಗಿಡವೊಂದು ತಾನಾಗಿ ಹುಟ್ಟಿತ್ತು. ಕೊಟ್ಟಿಗೆಯ ಯಜಮಾನರು ಕೈಯಲ್ಲಿ ಪಹಣಿ ಹಿಡಿದು ಓಡಿಬಂದು ಗೋಡೆಯ ಪಕ್ಕ ಮುಖ ಬಾಡಿಸಿಕೊಂಡು ನಿಂತರು. ಇರಲಿ, ಫೋಟೋದಲ್ಲಿ ಇವರೂ ಬರಲಿ ಅಂತ ‘ಸ್ವಲ್ಪ ನಗಿ’ ಅಂದೆ.

‘ನಕ್ಕರೆ ಪರಿಹಾರ ಕೊಡ್ತಾರಾ ಸಾರ್?’

ಕಲ್ಲು

ಕಡೆಗೂ ಸಿಕ್ಕಿಬಿದ್ದದ್ದು ಸೊರಬ ದಾಟಿದ ಮೇಲೆ, ಒಂದು ಸಣ್ಣ ಊರಿನಲ್ಲಿ. ಹೆಸರು ಬೇಡ. ಗದ್ದೆ ಬದುವಿನಲ್ಲಿ ಸೊಗಸಾದ ವೀರಗಲ್ಲು. ಕೂತು ಬ್ರಷ್‌ನಿಂದ ಮಣ್ಣು ಒರೆಸುತ್ತಿದ್ದೆ. ತಿರುಗಿ ನೋಡಿದರೆ ಬೆನ್ನ ಹಿಂದೆ ನಾಲ್ಕು ಜನ.

‘ನಾನು ನಿಧಿ ಹುಡುಕ್ತಿಲ್ಲ’ ಅಂದುಬಿಟ್ಟೆ. ಅವರಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಅನ್ನುವ ಮೊದಲೇ ಮುಟ್ಟಿಕೊಂಡಿದ್ದೆ.

ಒಬ್ಬ ಬೈಕಿನ ಕೀ ಕಿತ್ತುಕೊಂಡ. ಇನ್ನೊಬ್ಬ ನನ್ನ ಚೀಲ ಸುರಿದ. ಟಾರ್ಚು, ಕಲ್ಲಿನ ಮೇಲಿನ ಅಕ್ಷರ ಎದ್ದು ಕಾಣಲೆಂದು ಬಳಿಯುವ ಸೀಮೆಸುಣ್ಣದ ಪುಡಿ, ಹೆಂಡತಿ ತರಲು ಹೇಳಿದ್ದ ಐದು ನಿಂಬೆಹಣ್ಣು. ನಿಂಬೆಹಣ್ಣು ನೋಡಿ ನಾಲ್ವರೂ ಒಂದು ಹೆಜ್ಜೆ ಹಿಂದೆ ಸರಿದರು.

‘ಪಾನಕಕ್ಕೆ’ ಅಂದೆ. ಯಾರೂ ನಂಬಲಿಲ್ಲ.

‘ಪೊಲೀಸ್ರಿಗೆ ಫೋನ್ ಹಚ್ಚಿ’ ಅಂದ ಒಬ್ಬ. ನಾಳೆ ಮಕ್ಕಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಅನ್ನಿಸಿ ಅಳುವೇ ಬಂತು. ಅವರಲ್ಲಿ ಹಿರಿಯರೊಬ್ಬರಿಗೆ ಕ್ಯಾಮೆರಾ ಕೊಟ್ಟು, ‘ನಾನು ಮೇಷ್ಟ್ರು, ಬರೀ ಫೋಟೋ ತೆಗೆಯೋನು, ನೀವೇ ನೋಡಿ’ ಅಂತ ಒಂದೊಂದೇ ತೋರಿಸಿದೆ. ಬಳ್ಳಿಗಾವಿ, ತಾಳಗುಂದ, ಕುಬಟೂರು. ಬರೀ ಕಲ್ಲು. ಅವರು ಒಂದನ್ನೂ ಬಿಡದೆ ನೋಡಿದರು.

‘ಎಷ್ಟು ವರ್ಷ ಆತು ಹಿಂಗೆ ತಿರುಗ್ತಾ?’

‘ಹನ್ನೊಂದು.’

ಅವರ ಮುಖ ಮೆತ್ತಗಾಯಿತು. ಕೀ ಇಸಿದುಕೊಂಡು ನನ್ನ ಕೈಗಿಟ್ಟರು.

‘ಬಿಡ್ರೋ, ಪಾಪ. ಹನ್ನೊಂದು ವರ್ಷ ಇಷ್ಟು ಊರು ತಿರುಗಿದಾರೆ, ಎಲ್ಲೂ ಏನೂ ಸಿಕ್ಕಿಲ್ಲ.’

ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: ‘ಈ ಕಲ್ಲಿನ ಬುಡದಲ್ಲೂ ಏನಿಲ್ಲ ಮೇಷ್ಟ್ರೆ. ನಾವೇ ಅಗೆದು ನೋಡಿದೀವಿ.’